ಲೀವರ್ ರೈಫಲ್ ಕೊಳ್ಳುವ ಮೊದಲು ನಳಿಕೆಯ ಮೇಲಿನ ಅಕ್ಷರ ಓದಿ

ನಿಮ್ಮೂರ ವಾಡೆಯವರ (ದೊಡ್ಡ ಮನೆಯವರ) ಹಳೇ ಲೀವರ್ ರೈಫಲ್, ಅಂದರೆ ಕೆಳಗಿನ ಲೀವರ್ ಎಳೆದು ಗುಂಡು ತುಂಬುವ ರೈಫಲ್, ಮಾರಾಟಕ್ಕಿದೆ; ಕೈಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್, ಹೊಲಕ್ಕೆ ನುಗ್ಗುವ ಹಂದಿ. 'ತಗೊಳ್ಳುವಾಗ ಏನೇನು ನೋಡಬೇಕು' ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಮೂರನ್ನು ಇಟ್ಟುಕೊಂಡು ಕೂತಿದ್ದೆ.

ನಮ್ಮದು ಖಾನಾಪುರ ತಾಲ್ಲೂಕು, ಜಾಂಬೋಟಿ ಕಡೆ. ಆ ವರ್ಷ ಒಂದೇ ರಾತ್ರಿಗೆ ಅರ್ಧ ಎಕರೆ ಭತ್ತ ಹಂದಿ ಹೊರಳಾಡಿ ನೆಲಕ್ಕೆ ಹಾಸಿದ್ದವು. ಸ್ವಾದರಮಾವ ಬಂದು, 'ಅಳಿಯಾ, ಬೈಲಹೊಂಗಲ ಕಡೆ ಒಬ್ಬರ ಮನ್ಯಾಗ ವಿಂಚೆಸ್ಟರ್ ಐತಿ, ಕೊಡತಾರಂತ' ಅಂದರು. ಹೋದೆವು. 1894ರ ಮಾಡೆಲ್. ಎಣ್ಣೆ ಕುಡಿದು ಕಪ್ಪಾದ ಆಕ್ರೋಟ್ ಕಟ್ಟಿಗೆ. ಲೀವರ್ ಕೆಳಗೆಳೆದು ಮೇಲೆ ತಂದರೆ ಒಂದೇ ಸಪ್ಪಳ, ಎಲ್ಲೂ ತಡೆಯಿಲ್ಲ. ನನ್ನ ಮನಸ್ಸು ಅಲ್ಲೇ ಬಿತ್ತು.

ನೋಡಬೇಕಾದದ್ದನ್ನು ಬಹಳಷ್ಟು ನೋಡಿದೆ. ಮೊದಲು ಖಾಲಿ ಇದೆಯೋ ಅಂತ ನೋಡಿದೆ. ಇಂಥ ಲೀವರ್ ರೈಫಲಿಗೆ ನಳಿಕೆಯ ಕೆಳಗೆ ಕಾಡತೂಸು ತುಂಬುವ ಟ್ಯೂಬು ಇರುತ್ತದೆ, ಅದರಲ್ಲಿ ಒಂದು ಕಾಡತೂಸು ಉಳಿದಿದ್ದರೂ ಹೊರಗಿಂದ ಕಾಣುವುದಿಲ್ಲ. ಆಮೇಲೆ ಲೀವರ್ ತೆರೆದು, ಗುಂಡು ಕೂರುವ ಜಾಗದಲ್ಲಿ ಬಿಳಿ ಕಾಗದ ಇಟ್ಟು, ಅದರ ಮೇಲೆ ಟಾರ್ಚ್ ಬಿಟ್ಟು ಬಾಯಿಯ ಕಡೆಯಿಂದ ಒಳಗೆ ನೋಡಿದೆ. ಸುರುಳಿ ಗೀರುಗಳು ಚೂಪಾಗಿದ್ದವು, ತುಕ್ಕಿನ ಗುಳಿ ಇರಲಿಲ್ಲ. ಸ್ಕ್ರೂಗಳ ತಲೆ ಹಾಳಾಗಿರಲಿಲ್ಲ, ಅಂದರೆ ಯಾರೂ ಬಿಚ್ಚಿ ಕೆಡಿಸಿರಲಿಲ್ಲ. ಒಂದು ಲಕ್ಷ ನಲವತ್ತು ಸಾವಿರಕ್ಕೆ ಮಾತಾಯಿತು.

ಕೆಟ್ಟದ್ದು ಒಂದೇ ಕಡೆ. ಮಾರುವವರು, 'ತೀಸ್ ಬೋರ್ ಐತ್ರಿ, ಸರ್ಕಾರಿ ಕಾರ್ಖಾನ್ಯಾಗ ಕಾಡತೂಸ್ ಮಾಡ್ತಾರ' ಅಂದರು. ತೀಸ್ ಅಂದರೆ ಮೂವತ್ತು, ಬೋರ್ ಅಂದರೆ ನಳಿಕೆಯ ಒಳ ಅಳತೆ. ಅವರ ಲೈಸೆನ್ಸಿನಲ್ಲೂ '.30 ರೈಫಲ್' ಅಂತಷ್ಟೇ ಬರೆದಿತ್ತು. ಅವರು ಸುಳ್ಳು ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ನಮ್ಮ ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆ ಮಾಡುವುದು 30-06 ಅನ್ನುವ ಕಾಡತೂಸು. ಈ ರೈಫಲ್ ತಿನ್ನುವುದು 30-30. ಎರಡರಲ್ಲೂ ಮೊದಲ 30 ನಳಿಕೆಯ ಒಳ ಅಡ್ಡಳತೆ, ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು. 30-06ರಲ್ಲಿ 06 ಅಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. 30-30ರ ಎರಡನೇ ಮೂವತ್ತು ಮೊದಮೊದಲು ಅದರಲ್ಲಿ ತುಂಬುತ್ತಿದ್ದ ಮದ್ದಿನ ತೂಕ, ಮೂವತ್ತು ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ). 30-06ರ ಹಿತ್ತಾಳೆ ಕೋಶ 63 ಮಿಲಿಮೀಟರ್ ಉದ್ದ, 30-30ರದು ಸುಮಾರು 52. 30-06ರ ಕೋಶದ ಮೈಯೂ ದಪ್ಪ. ಈ ರೈಫಲಿನ ಒಳಗೇ ಹೋಗುವುದಿಲ್ಲ. ಅದು ಹೋಗುವ ಹಾಗೆ ಕೊರೆಸುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, 30-06ರ ಒತ್ತಡ ಆ ಹಳೇ ಕಬ್ಬಿಣ ತಡೆಯುವುದಿಲ್ಲ.

ನಳಿಕೆಯ ಮೇಲೆ ಸಣ್ಣಕ್ಷರದಲ್ಲಿ '30 ಡಬ್ಲ್ಯು.ಸಿ.ಎಫ್.' ಅಂತ ಕೊರೆದೇ ಇತ್ತು. ಅದು 30-30ರ ಮೂಲ ಹೆಸರು. ನಾನು ಆ ಅಕ್ಷರದ ಮೇಲೆ ಎಣ್ಣೆ ಬಟ್ಟೆ ಆಡಿಸಿದ್ದೇನೆ, ಓದಿರಲಿಲ್ಲ. ಸಮಯ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಮಾರುವವರು ಜಿಲ್ಲಾಧಿಕಾರಿಗೋ ಠಾಣೆಗೋ ಬರೆದುಕೊಟ್ಟು 45 ದಿನ ಕಳೆಯದೆ ಬಂದೂಕು ಕೈ ಬದಲಾಗುವಂತಿಲ್ಲ, ಆಯುಧ ಕಾಯ್ದೆಯಲ್ಲೇ ಇದೆ. ಆ 45 ದಿನದಲ್ಲಿ ಒಂದು ಫೋಟೋ ತೆಗೆದು ಬೆಳಗಾವಿಯ ಬಂದೂಕಿನ ಅಂಗಡಿಗೆ ತೋರಿಸಿದ್ದರೆ ಮುಗಿದಿತ್ತು. ದುಡ್ಡು ಕೊಟ್ಟು, ಲೈಸೆನ್ಸಿಗೆ ಏರಿಸಿಕೊಂಡು, ಆಮೇಲೆ ಹೋದೆ. ಅಂಗಡಿಯವರು ಒಂದು 30-06 ತಂದು ರೈಫಲಿನ ಪಕ್ಕ ಇಟ್ಟು, 'ಇದು ಅದಕ್ಕಲ್ರೀ' ಅಂದರು. ಪುಣೆಗೂ ಹುಬ್ಬಳ್ಳಿಗೂ ಫೋನ್ ಮಾಡಿ ನೋಡಿದರು, 30-30 ಎಲ್ಲೂ ಇರಲಿಲ್ಲ. ರೈಫಲಿನ ಜೊತೆ ಬಂದ ಹನ್ನೊಂದು ಹಳೇ ಕಾಡತೂಸೇ ನನ್ನ ಪಾಲಿಗೆ. ಎರಡು ವರ್ಷ ಕಬ್ಬಿಣದ ಕಪಾಟಿನಲ್ಲಿಟ್ಟು ಎಣ್ಣೆ ಹಚ್ಚಿದೆ. ಕೊನೆಗೆ ಹಳೇ ಬಂದೂಕು ಕೂಡಿಡುವ ಹವ್ಯಾಸದವರೊಬ್ಬರು ಅರವತ್ತೈದು ಸಾವಿರಕ್ಕೆ ತಗೊಂಡರು.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಲೀವರ್ ರೈಫಲ್ ಒಳ್ಳೆಯದು ಅಂತ ಕೇಳಬೇಡಿ, ಹೊಲಕ್ಕೆ ರೈಫಲ್ಲೇ ಬೇಡ. ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಕಬ್ಬಿನ ಆಚೆ ಯಾರು ನೀರು ಬಿಡುತ್ತಿದ್ದಾರೋ ಕತ್ತಲಲ್ಲಿ ನಿಮಗೆ ಕಾಣುವುದಿಲ್ಲ. ಹೆದರಿಸಲು ಮೇಲಕ್ಕೆ ಹೊಡೆದರೂ ಅದು ಎಲ್ಲೋ ಇಳಿಯಲೇಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಬರುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಹಾಗಾಗಿ ಹೊಲದಲ್ಲಿ ನಿಮಗೆ ಬೇಕಾದದ್ದು ಸಪ್ಪಳ. ಅದಕ್ಕೆ 12 ಬೋರಿನ ಜೋಡು ನಳಿಕೆಯ ಬಂದೂಕು ಸಾಕು. ಅದರ ಸಣ್ಣ ಚರೆ (ಸೀಸದ ಕಾಳು) ದೂರ ಹೋಗುವ ಮುಂಚೆಯೇ ಬಲ ಕಳೆದುಕೊಳ್ಳುತ್ತದೆ, ಪುಣೆಯ ಖಡಕಿಯಲ್ಲೇ ಕಾಡತೂಸು ತಯಾರಾಗುತ್ತದೆ. ನಾನೀಗ ಅದನ್ನೇ ಇಟ್ಟುಕೊಂಡಿದ್ದೇನೆ, ಜೊತೆಗೆ ಸೋಲಾರ್ ಬೇಲಿ. ಬೇಲಿ ಹಾಕಿದ ಮೇಲೆ ಬಂದೂಕು ಹೊರಗೆ ತೆಗೆದದ್ದು ನಾಲ್ಕೈದು ಸಲ ಅಷ್ಟೇ.

ಆದರೂ ಆ ರೈಫಲೇ ಬೇಕು ಅಂತ ಮನಸ್ಸು ಎಳೆಯುತ್ತಿದ್ದರೆ, ಅದೂ ನನಗೆ ಗೊತ್ತಿರುವ ಎಳೆತವೇ. ಮುಂಗಡ ಕೊಡುವ ಮುಂಚೆ ನಳಿಕೆಯ ಮೇಲಿನ ಅಕ್ಷರವನ್ನು ಅಕ್ಷರಕ್ಕಕ್ಷರ ಬರೆದುಕೊಂಡು ಅಂಗಡಿಗೆ ಹೋಗಿ, 'ಇದಕ್ಕೆ ಐವತ್ತು ಕಾಡತೂಸು ಇವತ್ತು ಕೊಡ್ತೀರಾ' ಅಂತ ಕೇಳಿ. '44 ಡಬ್ಲ್ಯು.ಸಿ.ಎಫ್.' ಅಂತಿದ್ದರೂ ಕೇಳಿ, 44 ಅನ್ನುವ ಹೆಸರಿನಲ್ಲೂ ಮೂರ್ನಾಲ್ಕು ಬೇರೆ ಬೇರೆ ಕಾಡತೂಸುಗಳಿವೆ. ಅವರು ಇಲ್ಲ ಅಂತ ತಲೆ ಅಲ್ಲಾಡಿಸಿದರೆ ವಾಡೆಯವರಿಗೆ ಕೈ ಮುಗಿದು ಚಹಾ ಕುಡಿದು ಬನ್ನಿ.