46ರ ವಯಸ್ಸಿನಲ್ಲಿ ಪಿಕಲ್‌ಬಾಲ್ ಶುರು ಮಾಡುತ್ತಿದ್ದೇನೆ, ಬೆಳಗಾವಿಯಲ್ಲಿದ್ದೇನೆ, ಯಾವ ಪ್ಯಾಡಲ್ ತಗೊಳ್ಳಲಿ?

ಕಾಲೇಜಿನಲ್ಲಿ ಶಟಲ್ ಆಡಿದ್ದೆ, ಆಮೇಲೆ ಬಿಟ್ಟುಹೋಯಿತು ಅಂತಲೂ ಬರೆದಿದ್ದೀರಿ. ಪಿಕಲ್‌ಬಾಲ್ ಅಂದರೆ ತೂತುಗಳಿರುವ ಪ್ಲಾಸ್ಟಿಕ್ ಬಾಲನ್ನು ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ನೆಟ್ ದಾಟಿಸುವ ಆಟ. ಹಾಗಿದ್ದರೆ ಪ್ಯಾಡಲ್ ವಿಷಯ ಆಮೇಲೆ ನೋಡೋಣ, ಮೊದಲು ಶೂ ತಗೊಳ್ಳಿ. ನಾನೂ ಬೆಳಗಾವಿಯಲ್ಲೇ ದಿನಾ ಬೆಳಿಗ್ಗೆ ಆಡುವವನು. ಹೊಸಬರು ವಾಕಿಂಗ್ ಶೂ ಹಾಕಿಕೊಂಡು ಕೋರ್ಟಿಗೆ ಇಳಿದರೆ ನನಗೆ ಭಯ. ಈ ಆಟದಲ್ಲಿ ಎಡಕ್ಕೆ ಬಲಕ್ಕೆ ಸರಿಯುವುದೇ ಜಾಸ್ತಿ. ವಾಕಿಂಗ್ ಶೂನ ದಪ್ಪ ಮೆತ್ತನೆ ತಳ ಪಕ್ಕಕ್ಕೆ ವಾಲಿದರೆ ಕಾಲು ಉಳುಕಿತು ಅಂತಲೇ ಲೆಕ್ಕ. ಶಟಲ್ ಶೂ ಅಥವಾ ಟೆನಿಸ್ ಶೂ ಆದರೆ ಚಿಂತೆಯಿಲ್ಲ.

ಪ್ಯಾಡಲ್ ಸದ್ಯಕ್ಕೆ ಯಾರದ್ದಾದರೂ ಇಸ್ಕೊಂಡು ಆಡಿ. ಎರಡು ಮೂರು ಥರದ್ದು ಕೈಗೆ ಬಂದ ಮೇಲೆ ನಿಮಗೇ ಗೊತ್ತಾಗುತ್ತದೆ. ಕೊಳ್ಳುವಾಗ 220ರಿಂದ 230 ಗ್ರಾಂ ಆಸುಪಾಸಿನದು ನೋಡಿ. ದುಬಾರಿ ಕಾರ್ಬನ್ ಪ್ಯಾಡಲ್ ಈಗಲೇ ಬೇಡ.

ಜಾಗಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಪಿಕಲ್‌ಬಾಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಡಬಲ್ಸ್ ಕೋರ್ಟಿನದೂ ಇದೇ ಅಳತೆ. ನೆಟ್ ಇಳಿಸಿ, ನಡುವೆ 34 ಇಂಚು, ಎರಡೂ ತುದಿಗೆ 36 ಇಂಚು ಬರುವ ಹಾಗೆ ಕಟ್ಟಿದರೆ ಆಯಿತು. ಶಟಲ್‌ನ ಶಾರ್ಟ್ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗಿದೆ, ನಮಗೆ ಆ ಗೆರೆ ಏಳು ಅಡಿಗೆ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಅರ್ಧ ಅಡಿ ಹಿಂದೆ ಒಂದು ಟೇಪ್ ಅಂಟಿಸಿಬಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮೂರ ಮಳೆ ಹೇಗೆ ಅಂತ ಹೇಳಬೇಕಾಗಿಲ್ಲ, ಆಗ ಒಳಗಿನ ಹಾಲ್‌ಗಳೇ ಗತಿ. ಒಳಗೆ 26 ತೂತಿನ ಬಾಲ್, ಬಯಲಲ್ಲಿ 40 ತೂತಿನದು. 40 ತೂತಿನದು ಗಾಳಿಗೆ ಅಷ್ಟಾಗಿ ಹಾರಾಡುವುದಿಲ್ಲ.

ಈಗ ಮುಖ್ಯ ವಿಷಯ. ಶಟಲ್ ಆಡಿದವರ ಕೈ ಬಾಲ್ ಕಂಡ ಕೂಡಲೇ ಹೊಡೆಯಲು ಹೋಗುತ್ತದೆ. ಇಲ್ಲಿ ಅದನ್ನು ತಡೆಯಬೇಕು. ಸರ್ವ್ ಮಾಡಿದ ಬಾಲ್ ಎದುರಿನವರ ಕಡೆ ಒಂದು ಸಲ ನೆಲಕ್ಕೆ ಬೀಳಬೇಕು. ಅವರು ವಾಪಸ್ ಹೊಡೆದದ್ದು ನಿಮ್ಮ ಕಡೆಯೂ ಒಂದು ಸಲ ಬೀಳಬೇಕು. ಆಮೇಲಷ್ಟೇ ಗಾಳಿಯಲ್ಲಿ ಹೊಡೆಯಬಹುದು. ಅದಕ್ಕೇ ಸರ್ವ್ ಮಾಡಿ ಮುಂದೆ ನುಗ್ಗಬೇಡಿ, ಹಿಂದಿನ ಗೆರೆಯ ಹತ್ತಿರವೇ ನಿಂತಿರಿ. ಸರ್ವ್ ಎದುರಿಸುವಾಗ ಮಾತ್ರ ಬಾಲನ್ನು ಆಳಕ್ಕೆ ಕಳಿಸಿ ಕೂಡಲೇ ಮುಂದೆ ಬನ್ನಿ.

ಮುಂದೆ ಅಂದರೆ ಕಿಚನ್ ಗೆರೆ ತನಕ. ನೆಟ್‌ನ ಎರಡೂ ಬದಿಯ ಆ ಏಳು ಅಡಿ ಜಾಗವೇ ಕಿಚನ್. ಹೊಸಬರು ಅಲ್ಲಿಗೆ ಕಾಲೇ ಇಡಬಾರದು ಅಂದುಕೊಂಡು ಗೆರೆಯ ಹಿಂದೆ ಹೆದರಿ ನಿಲ್ಲುತ್ತಾರೆ. ಹಾಗೇನಿಲ್ಲ. ಬಾಲ್ ನೆಲಕ್ಕೆ ಬಿದ್ದರೆ ಧಾರಾಳವಾಗಿ ಒಳಗೆ ಹೋಗಿ ಹೊಡೆಯಿರಿ. ಗಾಳಿಯಲ್ಲಿದ್ದ ಬಾಲನ್ನು ಹೊಡೆಯುವಾಗ ಮಾತ್ರ ಒಳಗಿರಬಾರದು, ಗೆರೆಯನ್ನೂ ತುಳಿಯಬಾರದು. ಹೊರಗೆ ನಿಂತು ಹೊಡೆದು, ಅದೇ ಜೋರಿನಲ್ಲಿ ಒಂದು ಹೆಜ್ಜೆ ಒಳಗೆ ಬಿದ್ದರೂ ಫೌಲ್. ಎಷ್ಟೋ ಒಳ್ಳೆ ಸ್ಮ್ಯಾಶ್‌ಗಳು ಹೀಗೇ ಹಾಳಾಗುತ್ತವೆ.

ಈ ಗೆರೆಯಲ್ಲಿ ನಿಂತು ಬಾಲನ್ನು ಎದುರಿನವರ ಕಿಚನ್‌ಗೆ ಮೆತ್ತಗೆ ದಾಟಿಸುವುದೇ ಡಿಂಕ್. ಮಣಿಕಟ್ಟು ತಿರುಗಿಸಬೇಡಿ. ಮೊಣಕಾಲು ಬಗ್ಗಿಸಿ, ತೋಳು ಭುಜದಿಂದ ಚೂರೇ ಚೂರು ಮುಂದೆ ಬರಲಿ, ಪ್ಯಾಡಲ್ ಸಡಿಲವಾಗಿ ಹಿಡಿದಿರಿ. ನಮ್ಮ ಜೊತೆ ಒಬ್ಬರು ಕಾಕು, ಅಂದರೆ ಆಂಟಿ, ಆಡುತ್ತಾರೆ, ಅರವತ್ತು ದಾಟಿದವರು. ಸ್ಮ್ಯಾಶ್ ಹೊಡೆಯುವುದೇ ಇಲ್ಲ. ಕಾಲೇಜು ಹುಡುಗರು ತಾಳ್ಮೆ ಕಳೆದುಕೊಂಡು ಬಾಲ್ ಎತ್ತುವ ತನಕ ಸುಮ್ನೆ ಡಿಂಕ್ ಮಾಡುತ್ತಲೇ ಇರುತ್ತಾರೆ. "ಬಿಡ್ರಿ, ಔಟ್ ಐತಿ!" ಅಂತ ಜೋಡಿಯವರಿಗೆ ಕೂಗುವುದರಲ್ಲೂ ಅವರದೇ ಮೊದಲ ನಂಬರ್. ಎದೆಮಟ್ಟಕ್ಕೆ ಜೋರಾಗಿ ಬರುವ ಎಷ್ಟೋ ಬಾಲು ಬಿಟ್ಟರೆ ತಾನಾಗಿಯೇ ಹೊರಗೆ ಹೋಗುತ್ತವೆ. ಅವರ ಆಟ ನೋಡಿ ನಾನು ಕಲಿತಿದ್ದು ಬಹಳ.

ಸರ್ವ್‌ಗೆ ಸುಲಭದ ದಾರಿ ಇದೆ. ಬಾಲನ್ನು ಎಸೆಯದೆ ಕೈಯಿಂದ ಬಿಟ್ಟು, ಅದು ನೆಲಕ್ಕೆ ಬಡಿದು ಎದ್ದಾಗ ಓರೆಯಾಗಿ ಎದುರಿನ ಅಂಕಣಕ್ಕೆ ಕಳಿಸಿ. ಕಿಚನ್‌ನಲ್ಲಿ ಬೀಳಬಾರದು, ಕಿಚನ್ ಗೆರೆಯ ಮೇಲೂ ಬೀಳಬಾರದು.

ಡಬಲ್ಸ್‌ನಲ್ಲಿ ಮೂರು ನಂಬರ್ ಕೂಗುತ್ತಾರೆ: ಸರ್ವ್ ಮಾಡುವವರ ಪಾಯಿಂಟ್, ಎದುರಿನವರದು, ಜೋಡಿಯಲ್ಲಿ ಎಷ್ಟನೆಯವರ ಸರ್ವ್ ಅಂತ. ಆಟ ಶುರುವಾಗುವುದು 0-0-2 ಅಂತ, ಯಾಕಂದ್ರೆ ಮೊದಲು ಸರ್ವ್ ಮಾಡುವ ಜೋಡಿಗೆ ಆ ಸಲ ಒಬ್ಬರಿಗಷ್ಟೇ ಅವಕಾಶ, ಅವರನ್ನು ಎರಡನೆಯವರು ಅಂತಲೇ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್. 11 ಮುಟ್ಟಬೇಕು, ಎರಡರ ಅಂತರ ಇರಬೇಕು.

ನಿಮ್ಮ ವಯಸ್ಸಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ತಲೆ ಮೇಲಿಂದ ಬಾಲ್ ಹೋದಾಗ ಹಿಮ್ಮುಖವಾಗಿ ಓಡಲೇಬೇಡಿ. ಹಿಂದಕ್ಕೆ ಬಿದ್ದರೆ ಕೈ ಮುರಿಯುತ್ತದೆ, ತಲೆಗೂ ಪೆಟ್ಟಾಗುತ್ತದೆ. ಪೂರ್ತಿ ತಿರುಗಿ ಓಡಿ, ಸಿಗದಿದ್ದರೆ ಬಿಟ್ಟುಬಿಡಿ. ಆಟಕ್ಕೆ ಮೊದಲು ಹತ್ತು ನಿಮಿಷ ಮೀನಖಂಡ, ಭುಜ ಸಡಿಲ ಮಾಡಿಕೊಳ್ಳಿ. ಮೊದಲ ವಾರ ಒಂದು ಗಂಟೆ ಮೀರಿ ಆಡಬೇಡಿ.