ಪುರಾವೆ ಹುಡುಕೋದು ನಿಮ್ಮ ಕೆಲಸ ಅಲ್ಲ, ಅಕ್ಕೋರೇ

ಗದಗದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಮೊಮ್ಮಗನ ಹುಟ್ಟುಹಬ್ಬಕ್ಕೆ ಬುದ್ಧಿಮಾಂದ್ಯ ಮಕ್ಕಳ ಬಾಲಮಂದಿರವೊಂದರಲ್ಲಿ ಊಟ ಹಾಕಿಸಿದೆವು. ಮಾತು ಬಾರದ ಒಬ್ಬ ಹುಡುಗಿ, ಅಲ್ಲಿನ ನೌಕರನೊಬ್ಬ ಹತ್ತಿರ ಬಂದಾಗಲೆಲ್ಲ ಮುದುಡಿಕೊಳ್ಳುತ್ತಿದ್ದಳು. ತೋಳಿನ ಮೇಲೆ ಕಂದಿದ ಗುರುತು. ಕೇಳಿದರೆ, 'ಅಕಿ ಹಂಗೇ ರೀ, ತಾನೇ ಬೀಳ್ತಾಳ' ಅಂದರು. ನನ್ನ ಹತ್ತಿರ ಪುರಾವೆ ಇಲ್ಲ. ನನ್ನ ಅನುಮಾನ ತಪ್ಪಾಗಿದ್ದರೆ? ಯಾರಿಗೆ ಹೇಳಲಿ?"

ಅಕ್ಕೋರೇ, ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಪುರಾವೆ ಹುಡುಕುವವರು ಪೊಲೀಸರು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆಯಬಹುದು ಎಂಬ ಆತಂಕವಿದ್ದರೂ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನೀವು ಕಂಡದ್ದು ಬರೀ ಹೊಡೆತವೇ ಇರಬಹುದು. ಅದೇನು ಸಣ್ಣದಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ನೌಕರನೇ ಹಿಂಸೆ ಕೊಟ್ಟರೆ ಐದು ವರ್ಷದವರೆಗೆ ಕಠಿಣ ಸಜೆ ಇದೆ.

"ಅಕಿ ಹಂಗೇ ರೀ." ಈ ಮಾತು ನನಗೆ ಜಾಸ್ತಿ ಚುಚ್ಚಿತು. ಇಂಥ ಮಗು ಇದ್ದಕ್ಕಿದ್ದಂತೆ ಊಟ ಬಿಟ್ಟರೂ, ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೂ, ತನ್ನನ್ನೇ ಕಚ್ಚಿಕೊಂಡರೂ ಬುದ್ಧಿಮಾಂದ್ಯದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ನಾವು ಈ ಮಕ್ಕಳಿಗೆ ಕಲಿಸುವುದಾದರೂ ಏನು? ಹೇಳಿದ ಮಾತು ಕೇಳು, ಅಷ್ಟೇ. ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು, ಪ್ಯಾಡ್ ಹಾಕಲು ಯಾರು ಬಂದರೂ ಸುಮ್ನೆ ನಿಲ್ಲಬೇಕು. 'ಬೇಡ' ಅಂದವಳು ಹಟಮಾರಿ. ಮೈ ಮುಟ್ಟುವ ಕೆಲಸ ಯಾರದು, ಆಗ ಇನ್ನೊಬ್ಬರು ಜೊತೆಗಿರುತ್ತಾರಾ, ರಾತ್ರಿ ಪಾಳಿಯಲ್ಲಿ ಎಷ್ಟು ಜನ? ಇದನ್ನು ಕೇಳದೆ ಗೇಟಿಗೆ ಕ್ಯಾಮೆರಾ ಹಾಕಿದರೆ ಏನು ಬಂತು?

ಒಂದು ಕೆಲಸ ಮಾತ್ರ ಮಾಡಬೇಡಿ. ಹುಡುಗಿಯನ್ನು ನೀವೇ ಕೂರಿಸಿಕೊಂಡು ಕೆದಕಬೇಡಿ. ಪ್ರಶ್ನೆ ಕೇಳೋ ಚಟ ಶಿಕ್ಷಕರಿಗೆ ಬಿಡೋದಿಲ್ಲ, ಗೊತ್ತು! ಆದರೆ 'ಅವನೇ ಹೊಡೆದನಾ?' ಎಂದರೆ ನಿಮ್ಮನ್ನು ಖುಷಿಪಡಿಸಲು ಅವಳು ತಲೆ ಆಡಿಸಬಹುದು. ಮುಂದೆ ಆರೋಪಿಯ ವಕೀಲರು ಹಿಡಿಯುವುದು ಅದನ್ನೇ. ಪೋಕ್ಸೊ ಪ್ರಕರಣವಾದರೆ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸನ್ನೆ ಬಲ್ಲವರ ನೆರವು ಪಡೆಯಲು ಕಾನೂನಿನಲ್ಲೇ ದಾರಿ ಇದೆ. ಪೊಲೀಸರು ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ. ಹಾಗಾಗಿ 'ಅಕಿಗೆ ಮಾತೇ ಬರೂದಿಲ್ಲಲ್ರೀ' ಎಂಬುದು ದೂರು ತೆಗೆದುಕೊಳ್ಳದಿರಲು ಕಾರಣವಾಗದು.

ತಪಾಸಣೆ ನಡೆಯೋದಿಲ್ವಾ ಎಂದು ನೀವು ಕೇಳಬಹುದು. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಹೋಗಬೇಕು, ತಂಡದಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯಧಾಮದಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಕತೆ 2018ರಲ್ಲಿ ಬಯಲಾಗಲು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವರದಿಯೇ ಬೇಕಾಯಿತು. 2020ರಲ್ಲಿ ಅಪರಾಧಿಗಳೆಂದು ಸಾಬೀತಾದವರಲ್ಲಿ ಅಲ್ಲಿನ ಮಕ್ಕಳ ಕಲ್ಯಾಣ ಸಮಿತಿಯವರೂ ಇದ್ದರು. ಕಾಯಬೇಕಾದವರೇ!

ಹುಡುಗಿಯ ವಯಸ್ಸು ವಿಚಾರಿಸಿ. ಪೋಕ್ಸೊ ಕಾಯ್ದೆಗೆ ಹುಟ್ಟಿದ ದಿನದ ಲೆಕ್ಕವೇ ಲೆಕ್ಕ, ಮನಸ್ಸಿನ ವಯಸ್ಸಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. 18 ತುಂಬಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು.

ಊಟದ ದಿನದ ಫೋಟೊ ವಾಟ್ಸಾಪ್‌ನಲ್ಲಿ ಹಾಕಿದ್ದರೆ ದಯವಿಟ್ಟು ತೆಗೆದುಬಿಡಿ. ಆ ಮಕ್ಕಳ ಗುರುತು ಹೊರಗೆ ಬರಬಾರದು. ಸಂಸ್ಥೆಯ ಹೆಸರನ್ನು ನಾವು ಬಿಟ್ಟಿದ್ದೂ ಅದಕ್ಕೇ.

ಫೋನ್ ಮಾಡಿದ್ದಾಯ್ತು ಅಂತ ಕೂರಬೇಡಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಪತ್ರ ಕೊಡಿ. ದಿನ, ಹೊತ್ತು, ಕಣ್ಣಾರೆ ಕಂಡದ್ದು, ಅವರು ಆಡಿದ ಮಾತು ಇಷ್ಟೇ ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ವಾರದೊಳಗೆ ಯಾರೂ ಅಲ್ಲಿಗೆ ಹೋಗದಿದ್ದರೆ ಆ ಪ್ರತಿಯನ್ನೇ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕಳಿಸಿ. ಜೆರಾಕ್ಸ್ ನಮಗೂ ಇರಲಿ.

– ಸಂಪಾದಕ