ಮಳೆಗಾಲದ ಕಾವು

ಪ್ರಶ್ನೆ: ಇನ್‌ಕ್ಯುಬೇಟರಿನಲ್ಲಿ (ಕಾವು ಕೊಡುವ ಪೆಟ್ಟಿಗೆ) 12 ನಾಟಿ ಮೊಟ್ಟೆ ಇಟ್ಟಿದ್ದೆ. ಮೂರೇ ಮರಿ ಬಂದವು. ಉಳಿದವು ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿದ್ದವು, ಒಡೆದರೆ ನೀರು ನೀರು. ಏನು ತಪ್ಪಾಯಿತು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಓದಿ ಸಂಕಟವಾಯಿತು. ಸಕಲೇಶಪುರದ ನಮ್ಮ ಮನೆಯಲ್ಲೂ ಒಂದು ಆಷಾಢದಲ್ಲಿ ಹೀಗೇ ಆಗಿತ್ತು. ಗಾಳಿಯೇ ಒದ್ದೆಯಿರುವಾಗ ಪೆಟ್ಟಿಗೆಯೊಳಗಿನ ತಟ್ಟೆಗೂ ನೀರು ಹಾಕಿದ್ದೀರಿ ಅನ್ನಿಸುತ್ತೆ. ಮೊಟ್ಟೆಯೊಳಗಿನ ತೇವ ಆರದಿದ್ದರೆ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗೋದಿಲ್ಲ, ಮರಿಯ ಮೊದಲ ಉಸಿರಿಗೆ ಜಾಗವೇ ಇರೋದಿಲ್ಲ. ನಮ್ಮ ಮಳೆಯಲ್ಲಿ ಮೊದಲ 18 ದಿನ ತಟ್ಟೆ ಒಣಗಿರಲಿ. ಕತ್ತಲಲ್ಲಿ ಟಾರ್ಚ್ ಹಿಡಿದು ಗಾಳಿಗೂಡು ನೋಡ್ತಾ ಇರಿ. ಕೊನೆಯ ಮೂರು ದಿನ ನೀರಿಡಿ, ಮೊಟ್ಟೆ ಹೊರಳಿಸಬೇಡಿ, ಎಷ್ಟೇ ಆಸೆಯಾದರೂ ಮುಚ್ಚಳ ತೆಗೆಯಬೇಡಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಕರೆಂಟ್ ಹೋದರೆ ಕಂಬಳಿ ಹೊದಿಸಿ, ಗಾಳಿಯ ತೂತು ಮುಚ್ಚದ ಹಾಗೆ. ಕಾವಿಗೆ ಕೂತ ಹೇಂಟೆ ಸಿಕ್ಕರೆ ಮೊಟ್ಟೆ ಅದಕ್ಕೇ ಕೊಡಿ.